ಬ್ರಾಯ್ಲರ್ ಕೋಳಿಗಳಲ್ಲಿ ಆಹಾರದ ನಾರು ಮತ್ತು ಕೊಬ್ಬಿನ ಜೀರ್ಣಕ್ರಿಯೆ

ಮಾಂಸಕ್ಕಾಗಿ ಸಾಕುವ ಬ್ರಾಯ್ಲರ್ ಕೋಳಿಯ ಆಹಾರದಲ್ಲಿರುವ ನಾರು, ಅದೇ ಆಹಾರದ ಕೊಬ್ಬು ಎಷ್ಟರ ಮಟ್ಟಿಗೆ ಜೀರ್ಣವಾಗಿ ದೇಹವನ್ನು ಸೇರುತ್ತದೆ ಎಂಬುದರ ಮೇಲೆ ಗಾಢವಾದ ಪ್ರಭಾವ ಬೀರುತ್ತದೆ. ಈ ಪ್ರಭಾವ ಒಂದೇ ದಿಕ್ಕಿನದಲ್ಲ. ನೀರಿನಲ್ಲಿ ಕರಗಿ ಕರುಳಿನೊಳಗಿನ ದ್ರವವನ್ನು ಮಂದಗೊಳಿಸುವ ನಾರು ಕೊಬ್ಬಿನ ಜೀರ್ಣತೆಯನ್ನು ತೀವ್ರವಾಗಿ ಕುಗ್ಗಿಸುತ್ತದೆ. ಕರಗದೆ ಒರಟಾಗಿಯೇ ಉಳಿಯುವ ನಾರು ಮಿತವಾಗಿದ್ದಾಗ ಅದನ್ನು ಹೆಚ್ಚಿಸಲೂಬಹುದು. ಸುಮಾರು 35ರಿಂದ 42 ದಿನಗಳಲ್ಲಿ ಎರಡು ಕಿಲೋಗ್ರಾಂ ಮೀರಿ ಬೆಳೆಯುವ ಈ ಹಕ್ಕಿಗೆ ಶಕ್ತಿ ದಟ್ಟವಾಗಿ ತುಂಬಿದ ಆಹಾರ ಬೇಕಾಗುತ್ತದೆ. ಪಿಷ್ಟ ಮತ್ತು ಸಸಾರಜನಕಗಳಿಗಿಂತ ಎರಡು ಪಟ್ಟಿಗೂ ಹೆಚ್ಚು ಶಕ್ತಿಯನ್ನು, ಅಂದರೆ ಗ್ರಾಮಿಗೆ ಸುಮಾರು 9 ಕಿಲೋಕ್ಯಾಲರಿಯನ್ನು ಕೊಡುವ ಕೊಬ್ಬನ್ನು ಎಣ್ಣೆಯ ರೂಪದಲ್ಲಿಯೋ ಪ್ರಾಣಿಜನ್ಯ ಕೊಬ್ಬಿನ ರೂಪದಲ್ಲಿಯೋ ಈ ಆಹಾರಕ್ಕೆ ಬೆರೆಸುವುದು ವಾಡಿಕೆ. ಕೋಳಿ ಸಾಕಣೆಯ ಖರ್ಚಿನಲ್ಲಿ ಆಹಾರದ ಪಾಲೇ ಅತಿ ದೊಡ್ಡದಾಗಿರುವುದರಿಂದ, ದುಬಾರಿಯಾದ ಆ ಎಣ್ಣೆ ಮಾಂಸವಾಗುತ್ತದೆಯೋ ಹಿಕ್ಕೆಯಲ್ಲಿ ಹೊರಹೋಗುತ್ತದೆಯೋ ಎಂಬ ಪ್ರಶ್ನೆ ಶರೀರಶಾಸ್ತ್ರದ ಜೊತೆಗೆ ಸಾಕಣೆದಾರರ ಜೀವನೋಪಾಯಕ್ಕೂ ಸಂಬಂಧಿಸಿದ್ದಾಗಿದೆ.

ನಾರಿನ ಸ್ವರೂಪ

ಕೋಳಿಯ ಸ್ವಂತ ಕಿಣ್ವಗಳು ಒಡೆಯಲಾರದ ಸಸ್ಯಭಾಗಗಳನ್ನು ಒಟ್ಟಾಗಿ ನಾರು ಎನ್ನಲಾಗುತ್ತದೆ. ಇದರಲ್ಲಿ ಮುಖ್ಯವಾದವು ಸಸ್ಯಕೋಶದ ಗೋಡೆಯಲ್ಲಿರುವ ಪಿಷ್ಟೇತರ ಪಾಲಿಸ್ಯಾಕರೈಡುಗಳು, ಎಂದರೆ ಪಿಷ್ಟವನ್ನು ಬಿಟ್ಟು ಉಳಿದ ಉದ್ದ ಸರಪಳಿಯ ಸಕ್ಕರೆಗಳು. ಸೆಲ್ಯುಲೋಸ್, ಗೋಧಿ ಮತ್ತು ರೈ ಧಾನ್ಯಗಳ ಅರಾಬಿನೊಕ್ಸೈಲಾನ್, ಬಾರ್ಲಿ ಮತ್ತು ಓಟ್ಸ್‌ಗಳ ಬೀಟಾ ಗ್ಲೂಕಾನ್, ಹಣ್ಣು ಹಾಗೂ ದ್ವಿದಳ ಬೀಜಗಳ ಪೆಕ್ಟಿನ್, ಗೋರಿಕಾಯಿ ಬೀಜದ ಗ್ಯಾಲಕ್ಟೊಮನ್ನಾನ್ ಇವೆಲ್ಲ ಈ ಗುಂಪಿಗೆ ಸೇರುತ್ತವೆ. ಸಕ್ಕರೆಯೇ ಅಲ್ಲದ, ಕಾಂಡ ಮತ್ತು ಸಿಪ್ಪೆಗಳಿಗೆ ಗಡಸುತನ ಕೊಡುವ ಲಿಗ್ನಿನ್ ಎಂಬ ವಸ್ತುವನ್ನೂ ನಾರಿನಲ್ಲಿಯೇ ಎಣಿಸುವುದುಂಟು.

ಜರ್ಮನಿಯ ವೇಂಡೆ ಎಂಬಲ್ಲಿ 1860ರ ದಶಕದಲ್ಲಿ ಹೆನ್ನೆಬೆರ್ಗ್ ಮತ್ತು ಸ್ಟೋಮಾನ್ ರೂಪಿಸಿದ ವಿಧಾನದಲ್ಲಿ ಆಹಾರದ ಮಾದರಿಯನ್ನು ಮೊದಲು ಆಮ್ಲದಲ್ಲಿ, ಬಳಿಕ ಕ್ಷಾರದಲ್ಲಿ ಕುದಿಸಿ ಉಳಿದದ್ದನ್ನು ಕಚ್ಚಾ ನಾರು ಎಂದು ಲೆಕ್ಕ ಹಾಕುತ್ತಾರೆ. ಆಹಾರದ ಚೀಲಗಳ ಮೇಲೆ ಇಂದಿಗೂ ಅಚ್ಚಾಗುವುದು ಈ ಅಂಕಿಯೇ. ಆದರೆ ಕುದಿಸುವಾಗ ಕರಗುವ ನಾರಿನ ಬಹುಭಾಗ ತೊಳೆದುಹೋಗುವುದರಿಂದ, ಕೊಬ್ಬಿನ ಜೀರ್ಣಕ್ರಿಯೆಗೆ ನಿಜವಾಗಿ ಅಡ್ಡಿಯಾಗುವ ಅಂಶವೇ ಈ ಲೆಕ್ಕದಿಂದ ತಪ್ಪಿಸಿಕೊಳ್ಳುತ್ತದೆ. ಮೆಕ್ಕೆಜೋಳದ ಕಚ್ಚಾ ನಾರು ಶೇಕಡಾ ಎರಡರಿಂದ ಮೂರರಷ್ಟು. ರೈ ಧಾನ್ಯದ್ದೂ ಹೆಚ್ಚುಕಡಿಮೆ ಅಷ್ಟೇ. ಕರಗುವ ಪಿಷ್ಟೇತರ ಪಾಲಿಸ್ಯಾಕರೈಡುಗಳನ್ನು ಪ್ರತ್ಯೇಕವಾಗಿ ಅಳೆದಾಗ ಮಾತ್ರ ಎರಡರ ನಡುವಿನ ಅಂತರ ಕಾಣಿಸುತ್ತದೆ: ಒಣ ತೂಕದಲ್ಲಿ ಮೆಕ್ಕೆಜೋಳಕ್ಕೆ ಸುಮಾರು ಶೇಕಡಾ 0.1, ಗೋಧಿಗೆ 2.4, ಬಾರ್ಲಿ ಮತ್ತು ರೈಗಳಿಗೆ 4.5ರ ಆಸುಪಾಸು. ಮೆಕ್ಕೆಜೋಳ ತಿಂದ ಮರಿ ಸೊಗಸಾಗಿ ಬೆಳೆಯುವಾಗ ರೈ ತಿಂದ ಮರಿ ಏಕೆ ಸೊರಗುತ್ತದೆ ಎಂಬುದಕ್ಕೆ ಈ ಅಂಕಿಗಳಲ್ಲಿ ಉತ್ತರವಿದೆ. ಈ ಕಾರಣದಿಂದ ಕಚ್ಚಾ ನಾರಿನ ಅಂಕಿಯೊಂದನ್ನೇ ನೆಚ್ಚಿ ಕೋಳಿಯ ಆಹಾರದ ಗುಣವನ್ನು ತೀರ್ಮಾನಿಸುವುದು ಸರಿಯಾದ ಕ್ರಮವಲ್ಲ.

ಕೊಬ್ಬು ಜೀರ್ಣವಾಗುವ ಬಗೆ

ನಾರು ಎಲ್ಲಿ ಹೇಗೆ ಕೈಹಾಕುತ್ತದೆ ಎಂಬುದನ್ನು ಅರಿಯಲು ಕೋಳಿಯ ಜೀರ್ಣಾಂಗಗಳ ಕೆಲವು ವಿಶೇಷಗಳನ್ನು ಗಮನಿಸಬೇಕಾಗುತ್ತದೆ. ನುಂಗಿದ ಆಹಾರ ಮೇವುಚೀಲದಲ್ಲಿ ನೆನೆದು, ಆಮ್ಲ ಮತ್ತು ಪೆಪ್ಸಿನ್ ಸುರಿಸುವ ಗ್ರಂಥಿಜಠರವನ್ನು ದಾಟಿ, ದಪ್ಪ ಸ್ನಾಯುಗಳಿಂದಾದ ಅರೆಯುವ ಜಠರಕ್ಕೆ, ಅಂದರೆ ಗಿಜರ್ಡಿಗೆ ಬರುತ್ತದೆ. ಹಲ್ಲಿಲ್ಲದ ಹಕ್ಕಿಗೆ ಅಗಿಯುವ ಕೆಲಸ ಇಲ್ಲಿಯೇ ನಡೆಯುತ್ತದೆ. ಅಲ್ಲಿಂದ ಮುಂದೆ ಸಣ್ಣಕರುಳಿನ ಮೂರು ಭಾಗಗಳಾದ ಡ್ಯುಯೋಡಿನಮ್, ಜೆಜುನಮ್ ಮತ್ತು ಇಲಿಯಮ್‌ಗಳು ಬರುತ್ತವೆ. ಪಿತ್ತನಾಳಗಳೂ ಮೇದೋಜೀರಕ ಗ್ರಂಥಿಯ ನಾಳಗಳೂ ಕೋಳಿಯಲ್ಲಿ ಡ್ಯುಯೋಡಿನಮ್ಮಿನ ಕೊನೆಯ ತುದಿಯಲ್ಲಿ ತೆರೆದುಕೊಳ್ಳುತ್ತವೆ. ಆದರೂ ಕರುಳು ಆಗಾಗ ಹಿಮ್ಮುಖವಾಗಿ ಸಂಕುಚಿಸಿ ತನ್ನೊಳಗಿನ ದ್ರವವನ್ನು ಗಿಜರ್ಡಿನತ್ತ ಮರಳಿ ತಳ್ಳುವುದರಿಂದ ಪಿತ್ತವು ಗಿಜರ್ಡಿಗೂ ತಲುಪಿ, ಕೊಬ್ಬನ್ನು ಹನಿಹನಿಯಾಗಿ ಒಡೆಯುವ ಕೆಲಸ ಅಲ್ಲಿಯೇ ಆರಂಭವಾಗುತ್ತದೆ.

ಕೊಬ್ಬು ನೀರಿನಲ್ಲಿ ಕರಗದ ವಸ್ತುವಾದ್ದರಿಂದ ಅದರ ಜೀರ್ಣಕ್ರಿಯೆಗೆ ಹಲವು ಹಂತಗಳು ಬೇಕಾಗುತ್ತವೆ. ಮೊದಲು ಪಿತ್ತಲವಣಗಳ ನೆರವಿನಿಂದ ಅದು ಸೂಕ್ಷ್ಮ ಹನಿಗಳಾಗಿ ನೀರಿನಲ್ಲಿ ಹರಡಿಕೊಳ್ಳುತ್ತದೆ. ಆ ಹನಿಗಳ ಮೇಲ್ಮೈಗೆ ಕೊಲೈಪೇಸ್ ಎಂಬ ಸಹಾಯಕ ಪ್ರೋಟೀನಿನ ಜೊತೆಗೂಡಿ ಅಂಟಿಕೊಳ್ಳುವ ಲೈಪೇಸ್ ಕಿಣ್ವವು ಕೊಬ್ಬನ್ನು ಕೊಬ್ಬಿನಾಮ್ಲಗಳಾಗಿಯೂ ಮಾನೊಗ್ಲಿಸರೈಡುಗಳಾಗಿಯೂ ಸೀಳುತ್ತದೆ. ಹೀಗೆ ಬಿಡುಗಡೆಯಾದವು ಪಿತ್ತಲವಣಗಳೊಡನೆ ಸೇರಿ ಮೈಸೆಲ್ ಎಂಬ ಅತಿ ಸೂಕ್ಷ್ಮ ಗೋಲಗಳಾಗುತ್ತವೆ. ಆ ಗೋಲಗಳು ಕರುಳಿನ ಒಳಪದರಕ್ಕೆ ಹೊದಿಸಿದಂತಿರುವ ನಿಶ್ಚಲ ನೀರಿನ ಪದರವನ್ನು ದಾಟಿ ಕೊಬ್ಬಿನಾಮ್ಲಗಳನ್ನು ಜೀವಕೋಶಗಳಿಗೆ ಒಪ್ಪಿಸುತ್ತವೆ. ಸಸ್ತನಿಗಳಲ್ಲಿ ಹೀರಲ್ಪಟ್ಟ ಕೊಬ್ಬು ದುಗ್ಧರಸ ನಾಳಗಳ ಮೂಲಕ ಸಾಗಿದರೆ, ದುಗ್ಧರಸ ವ್ಯವಸ್ಥೆ ಅಷ್ಟಾಗಿ ಬೆಳೆದಿಲ್ಲದ ಕೋಳಿಯಲ್ಲಿ ಅದು ಪೋರ್ಟೊಮೈಕ್ರಾನ್ ಎಂಬ ಕಣಗಳ ರೂಪದಲ್ಲಿ ನೇರವಾಗಿ ಯಕೃತ್ತಿಗೆ ಹೋಗುವ ರಕ್ತನಾಳವನ್ನು ಸೇರುತ್ತದೆ.

ಈ ಇಡೀ ಸಾಲಿನಲ್ಲಿ ಪಿತ್ತಲವಣಕ್ಕೆ ಎರಡು ಕಡೆ ಕೆಲಸವಿರುವುದನ್ನು ಒತ್ತಿ ಹೇಳಬೇಕು. ದೇಹ ಅದನ್ನು ಪ್ರತಿ ಬಾರಿಯೂ ಹೊಸದಾಗಿ ತಯಾರಿಸುವುದಿಲ್ಲ. ಕೆಲಸ ಮುಗಿಸಿದ ಪಿತ್ತಲವಣದ ಬಹುಭಾಗವನ್ನು ಕರುಳಿನ ಕೆಳಭಾಗದಲ್ಲಿ ಮರಳಿ ಹೀರಿಕೊಂಡು ಯಕೃತ್ತಿಗೆ ಕಳುಹಿಸಿ ಮತ್ತೆ ಬಳಸುತ್ತದೆ. ಮೊಟ್ಟೆಯೊಡೆದು ಹೊರಬಂದ ಮರಿಯಲ್ಲಿ ಈ ಸಂಗ್ರಹವೂ ಲೈಪೇಸಿನ ಸ್ರವಿಕೆಯೂ ಕಡಿಮೆಯಿದ್ದು, ಮೊದಲ ಎರಡು ಮೂರು ವಾರಗಳಲ್ಲಿ ಕ್ರಮೇಣ ಏರುತ್ತವೆ. ಸೋಯಾ ಎಣ್ಣೆಯಲ್ಲಿರುವಂತಹ ಅಸಂತೃಪ್ತ ಕೊಬ್ಬಿನಾಮ್ಲಗಳು ಮೈಸೆಲ್ ಆಗಲು ಪಿತ್ತಲವಣ ಅಲ್ಪವಿದ್ದರೂ ಸಾಕಾಗುತ್ತದೆ. ದನದ ಕೊಬ್ಬು ಹಾಗೂ ತಾಳೆ ಎಣ್ಣೆಗಳಲ್ಲಿ ಹೆಚ್ಚಾಗಿರುವ ಪಾಮಿಟಿಕ್, ಸ್ಟಿಯರಿಕ್‌ನಂತಹ ಸಂತೃಪ್ತ ಕೊಬ್ಬಿನಾಮ್ಲಗಳಿಗಾದರೋ ಅದು ಧಾರಾಳವಾಗಿ ಬೇಕು. 1980ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಎಳೆಯ ಮರಿಗಳ ಆಹಾರಕ್ಕೆ ಪಿತ್ತಾಮ್ಲವನ್ನು ಬೆರೆಸಿದಾಗ ದನದ ಕೊಬ್ಬಿನ ಹೀರಿಕೆ ಸುಧಾರಿಸಿದ್ದು, ಕೊರತೆ ಇರುವುದು ಪಿತ್ತದಲ್ಲಿಯೇ ಎಂಬುದಕ್ಕೆ ಸಾಕ್ಷಿಯಾಯಿತು. ಪಿಷ್ಟ ಮತ್ತು ಸಸಾರಜನಕಗಳಿಗೆ ಇಂತಹ ಪರಾವಲಂಬನೆ ಇಲ್ಲ. ನಾರಿನ ಹೊಡೆತ ಇತರ ಪೋಷಕಾಂಶಗಳಿಗಿಂತ ಕೊಬ್ಬಿಗೇ ಮೊದಲು ತಟ್ಟುವುದರ ಗುಟ್ಟು ಇಲ್ಲಿದೆ.

ಕರಗುವ ನಾರು

ಬಾರ್ಲಿ ತಿಂದ ಮರಿಗಳ ಹಿಕ್ಕೆ ಅಂಟಂಟಾಗಿ ಹಾಸು ತೇವಗೊಳ್ಳುವುದನ್ನೂ ಬೆಳವಣಿಗೆ ಕುಂಠಿತವಾಗುವುದನ್ನೂ ಕೋಳಿ ಸಾಕಣೆದಾರರು ಬಹುಕಾಲದಿಂದ ಕಂಡಿದ್ದರು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸಂಶೋಧಕರು 1950ರ ದಶಕದ ಉತ್ತರಾರ್ಧದಲ್ಲಿ ಬಾರ್ಲಿಯನ್ನು ನೀರಿನಲ್ಲಿ ನೆನೆಸಿ ಅಥವಾ ಕಿಣ್ವ ಬೆರೆಸಿ ಕೊಟ್ಟರೆ ಈ ದೋಷ ತಗ್ಗುತ್ತದೆ ಎಂದು ತೋರಿಸಿದರು. 1966ರಲ್ಲಿ ಬರ್ನೆಟ್ ಎಂಬ ವಿಜ್ಞಾನಿ ದೋಷದ ಮೂಲವನ್ನು ಬೀಟಾ ಗ್ಲೂಕಾನಿನಿಂದ ಕರುಳಿನ ದ್ರವಕ್ಕೆ ಬರುವ ಸ್ನಿಗ್ಧತೆಯಲ್ಲಿ, ಅಂದರೆ ಹರಿವನ್ನು ತಡೆಯುವ ಮಂದತನದಲ್ಲಿ ಗುರುತಿಸಿದರು. ಕೆನಡಾದ ಮ್ಯಾನಿಟೋಬ ವಿಶ್ವವಿದ್ಯಾಲಯದಲ್ಲಿ ಮಾರ್ಕ್ವರ್ಟ್ ಮತ್ತು ಸಂಗಡಿಗರು 1980ರ ದಶಕದಲ್ಲಿ ರೈ ಧಾನ್ಯದ ಅರಾಬಿನೊಕ್ಸೈಲಾನಿಗೂ, 1990ರ ದಶಕದ ಆದಿಯಲ್ಲಿ ಆಸ್ಟ್ರೇಲಿಯಾದ ಚಾಕ್ಟ್ ಮತ್ತು ಅನಿಸನ್ ಗೋಧಿಯ ಅರಾಬಿನೊಕ್ಸೈಲಾನಿಗೂ ಇದೇ ಗುಣವಿರುವುದನ್ನು ಸ್ಥಾಪಿಸಿದರು. ಗೋಧಿಯಿಂದ ಬೇರ್ಪಡಿಸಿದ ಈ ನಾರನ್ನು ಒಳ್ಳೆಯ ಆಹಾರಕ್ಕೆ ಬೆರೆಸಿದರೆ ಸಾಕು, ಪಿಷ್ಟ, ಸಸಾರಜನಕ ಮತ್ತು ಕೊಬ್ಬು ಮೂರರ ಜೀರ್ಣತೆಯೂ ಇಳಿಯುತ್ತಿತ್ತು.

ನೀರಿನಲ್ಲಿ ಕರಗಿದ ಉದ್ದ ಸರಪಳಿಗಳು ಒಂದಕ್ಕೊಂದು ತೊಡರಿಕೊಂಡು ನೀರನ್ನು ಹಿಡಿದಿಟ್ಟಾಗ ಕರುಳಿನ ದ್ರವವು ಆರಿದ ಗಂಜಿಯಂತೆ ಮಂದವಾಗುತ್ತದೆ. ಸರಪಳಿ ಉದ್ದವಾದಷ್ಟೂ ಮಂದತನ ಹೆಚ್ಚು, ಆದ್ದರಿಂದ ಇಲ್ಲಿ ನಾರಿನ ತೂಕಕ್ಕಿಂತ ಅದರ ಅಣುಗಾತ್ರವೇ ಮುಖ್ಯವಾಗುತ್ತದೆ. ಮಂದ ದ್ರವವನ್ನು ಕರುಳಿನ ಸಂಕುಚನಗಳು ಚೆನ್ನಾಗಿ ಕಲಕಲಾರವು. ಕೊಬ್ಬಿನ ಹನಿಗಳು ಸಣ್ಣದಾಗಿ ಒಡೆಯದೆ ದೊಡ್ಡದಾಗಿಯೇ ಉಳಿಯುತ್ತವೆ. ಹನಿ ದೊಡ್ಡದಾದಷ್ಟೂ ಒಟ್ಟು ಮೇಲ್ಮೈ ಕಡಿಮೆಯಾಗಿ ಲೈಪೇಸಿಗೆ ಅಂಟಿಕೊಳ್ಳಲು ಜಾಗ ಸಾಲದಾಗುತ್ತದೆ. ಪ್ರಯೋಗಾಲಯದ ಪಾತ್ರೆಯಲ್ಲಿ, ಜಠರದ ಆಮ್ಲೀಯ ಸ್ಥಿತಿಯನ್ನು ಅನುಕರಿಸಿ ಫ್ರಾನ್ಸಿನಲ್ಲಿ ನಡೆಸಿದ 1996ರ ಅಧ್ಯಯನದಲ್ಲಿ, ಮಂದಗೊಳಿಸುವ ನಾರುಗಳ ಸಮ್ಮುಖದಲ್ಲಿ ಹನಿಗಳು ಹಿಗ್ಗಿ ಕೊಬ್ಬಿನ ವಿಭಜನೆ ತಗ್ಗಿದ್ದನ್ನು ನೇರವಾಗಿ ಅಳೆಯಲಾಯಿತು. ಇಷ್ಟಾದ ಮೇಲೆಯೂ ರೂಪುಗೊಂಡ ಮೈಸೆಲ್‌ಗಳು ಕರುಳಿನ ಗೋಡೆಯನ್ನು ತಲುಪಲು ಮಂದ ದ್ರವದಲ್ಲಿ ನಿಧಾನವಾಗಿ ತೆವಳಬೇಕು, ದಪ್ಪವಾದ ನಿಶ್ಚಲ ಪದರವನ್ನು ದಾಟಬೇಕು. ಪಿಷ್ಟದಿಂದ ಬಿಡುಗಡೆಯಾದ ಸಣ್ಣ ಗ್ಲೂಕೋಸ್ ಅಣು ಈ ತಡೆಯನ್ನು ಹೇಗೋ ನುಸುಳಿಹೋದರೂ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದಾದ ಮೈಸೆಲ್ ಹಾಗೆ ನುಸುಳಲಾರದು.

ಈ ಪರಿಣಾಮ ನಾರಿನ ರಾಸಾಯನಿಕ ರಚನೆಯದೋ ಮಂದತನದ್ದೋ ಎಂಬ ಸಂದೇಹವನ್ನು ನೆದರ್‌ಲೆಂಡ್ಸಿನ ಸ್ಮಿಟ್ಸ್ ಮತ್ತು ಸಂಗಡಿಗರು 1997ರಲ್ಲಿ ಸೊಗಸಾದ ಪ್ರಯೋಗದಿಂದ ಬಗೆಹರಿಸಿದರು. ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಎಂಬ ಕೃತಕ ನಾರಿನ ಎರಡು ಬಗೆಗಳನ್ನು ಅವರು ಬ್ರಾಯ್ಲರ್‌ಗಳಿಗೆ ಉಣಿಸಿದರು. ರಾಸಾಯನಿಕವಾಗಿ ಎರಡೂ ಒಂದೇ ಜಾತಿಯವು, ಒಂದು ದ್ರವವನ್ನು ತೀರ ಮಂದಗೊಳಿಸುತ್ತಿತ್ತು, ಇನ್ನೊಂದು ಮಂದಗೊಳಿಸುತ್ತಿರಲಿಲ್ಲ. ಕೊಬ್ಬೂ ಸೇರಿದಂತೆ ಪೋಷಕಾಂಶಗಳ ಜೀರ್ಣತೆ ಇಳಿದದ್ದು ಮೊದಲನೆಯದರಿಂದ. ಈ ಕ್ಷೇತ್ರದ ಪ್ರಯೋಗಗಳಲ್ಲಿ ಇಷ್ಟು ನಿಚ್ಚಳವಾಗಿ ಕಾರಣವನ್ನು ಬೇರ್ಪಡಿಸಿ ತೋರಿಸಿದವು ವಿರಳ.

ಆದರೆ ಮಂದತನವೊಂದರಿಂದಲೇ ಎಲ್ಲವನ್ನೂ ವಿವರಿಸಲಾಗದು. 1971ರಷ್ಟು ಹಿಂದೆಯೇ ಮೆಕಾಲಿಫ್ ಮತ್ತು ಮೆಗಿನಿಸ್ ಎಂಬವರು ರೈ ಆಧಾರಿತ ಆಹಾರಕ್ಕೆ ಪೆನಿಸಿಲಿನ್ ಬೆರೆಸಿದಾಗ ಮರಿಗಳು ಚೇತರಿಸಿಕೊಂಡದ್ದನ್ನು ವರದಿ ಮಾಡಿದ್ದರು. ಪೆನಿಸಿಲಿನ್ ದ್ರವವನ್ನು ತೆಳುವಾಗಿಸುವುದಿಲ್ಲ, ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ ಅಷ್ಟೇ. ಹಾಗಾಗಿ ಹಾನಿಯ ದೊಡ್ಡ ಪಾಲು ಕರುಳಿನ ಸೂಕ್ಷ್ಮಜೀವಿಗಳ ಮೂಲಕ ಆಗುತ್ತಿರಬೇಕೆಂಬುದು ಇದರಿಂದ ಹೊರಟ ಅನುಮಾನ. ಆರೋಗ್ಯವಂತ ಕೋಳಿಯ ಸಣ್ಣಕರುಳಿನಲ್ಲಿ ಆಹಾರ ವೇಗವಾಗಿ ಸಾಗುವುದರಿಂದ ಬ್ಯಾಕ್ಟೀರಿಯಾಗಳಿಗೆ ನೆಲೆಯೂರಲು ಹೆಚ್ಚು ಅವಕಾಶವಿಲ್ಲ. ಮಂದ ದ್ರವ ನಿಧಾನವಾಗಿ ಸಾಗುತ್ತದೆ, ಅದರಲ್ಲಿ ಜೀರ್ಣವಾಗದ ಪಿಷ್ಟ ಮತ್ತು ಸಸಾರಜನಕ ಉಳಿದಿರುತ್ತವೆ, ಆಮ್ಲಜನಕವೂ ಕಡಿಮೆಯಾಗುತ್ತದೆ. ಹೀಗಾಗಿ ಸಾಮಾನ್ಯವಾಗಿ ಅಂಧಾಂತ್ರಗಳಲ್ಲಿ, ಅಂದರೆ ಕರುಳಿನ ಕೊನೆಯ ಭಾಗದ ಎರಡು ಕುರುಡು ಚೀಲಗಳಲ್ಲಿ ವಾಸಿಸುವ ಜೀವಿಗಳು ಮೇಲಕ್ಕೇರಿ ಸಣ್ಣಕರುಳನ್ನು ಆಕ್ರಮಿಸುತ್ತವೆ.

ಕರುಳಿನ ಬ್ಯಾಕ್ಟೀರಿಯಾಗಳಲ್ಲಿ ಲ್ಯಾಕ್ಟೊಬ್ಯಾಸಿಲಸ್, ಎಂಟೆರೊಕಾಕಸ್ ಮತ್ತು ಕ್ಲಾಸ್ಟ್ರಿಡಿಯಮ್ ಕುಲಗಳ ಅನೇಕ ತಳಿಗಳು ಪಿತ್ತಲವಣವನ್ನು ಸೀಳುವ ಹೈಡ್ರೋಲೇಸ್ ಕಿಣ್ವವನ್ನು ಹೊಂದಿವೆ. ಕೋಳಿಯ ಪಿತ್ತಲವಣವು ಟಾರಿನ್ ಎಂಬ ಸಣ್ಣ ಅಣುವಿಗೆ ಕಟ್ಟಿಕೊಂಡ ಪಿತ್ತಾಮ್ಲ. ಟಾರಿನ್ ಜೊತೆಗಿರುವವರೆಗೆ ಅದು ಸೌಮ್ಯ ಆಮ್ಲೀಯ ಸ್ಥಿತಿಯಲ್ಲಿಯೂ ವಿದ್ಯುದಂಶವನ್ನು ಉಳಿಸಿಕೊಂಡು ನೀರಿನಲ್ಲಿ ಕರಗಿರುತ್ತದೆ ಮತ್ತು ಮೈಸೆಲ್ ಕಟ್ಟುತ್ತದೆ; ಟಾರಿನ್ ಕಳಚಿಹೋದರೆ ಕರುಳಿನ ಮೇಲ್ಭಾಗದ ಆಮ್ಲತೆಯಲ್ಲಿ ಅದರ ಕರಗುವಿಕೆ ಕುಸಿದು ಮೈಸೆಲ್ ಕಟ್ಟುವ ಸಾಮರ್ಥ್ಯ ನಷ್ಟವಾಗುತ್ತದೆ. ಆಹಾರಕ್ಕೆ ಬೆರೆಸುವ ಬೆಳವಣಿಗೆ ವರ್ಧಕ ಆ್ಯಂಟಿಬಯಾಟಿಕ್‌ಗಳು ಈ ಹೈಡ್ರೋಲೇಸಿನ ಚಟುವಟಿಕೆಯನ್ನು ತಗ್ಗಿಸುತ್ತವೆ ಎಂಬುದನ್ನು ಅಮೆರಿಕದ ಫೈನರ್ ಮತ್ತು ಡ್ಯಾಶ್ಕೆವಿಚ್ 1987ರಲ್ಲಿ ತೋರಿಸಿದರು. ಸೂಕ್ಷ್ಮಜೀವಿಗಳೇ ಇಲ್ಲದ ಪರಿಸರದಲ್ಲಿ ಬೆಳೆಸಿದ ಮರಿಗಳಲ್ಲಿ ಮಂದ ನಾರಿನ ದುಷ್ಪರಿಣಾಮ ಬಹಳ ಸೌಮ್ಯವಾಗುವುದು ಕೂಡ ಇದೇ ತೀರ್ಮಾನವನ್ನು ಬಲಪಡಿಸುತ್ತದೆ. ಫ್ರಾನ್ಸಿನ ನೂಜಿಯಿ ಎಂಬಲ್ಲಿ ಮೇಸೊನಿಯೆ, ಕಾರೆ ಮತ್ತು ಸಂಗಡಿಗರು ಗೋರಿ ಅಂಟನ್ನು ಬಳಸಿ ನಡೆಸಿದ, 2003ರಲ್ಲಿ ಪ್ರಕಟವಾದ ಅಧ್ಯಯನವು ಸೂಕ್ಷ್ಮಜೀವಿ, ಪಿತ್ತಲವಣ ಮತ್ತು ಮಂದತನ ಈ ಮೂರನ್ನೂ ಒಟ್ಟಿಗೆ ಪರಿಶೀಲಿಸಿದ ಪ್ರಯತ್ನವಾಗಿದೆ. ಮಂದತನ ಮತ್ತು ಸೂಕ್ಷ್ಮಜೀವಿಗಳು ಎರಡು ಪ್ರತಿಸ್ಪರ್ಧಿ ವಿವರಣೆಗಳೆಂದು ಭಾವಿಸುವುದಕ್ಕಿಂತ, ಮೊದಲನೆಯದು ಎರಡನೆಯದಕ್ಕೆ ದಾರಿ ಮಾಡಿಕೊಡುತ್ತದೆ ಎಂದು ತಿಳಿಯುವುದೇ ಸಾಕ್ಷ್ಯಗಳಿಗೆ ಹೆಚ್ಚು ಹೊಂದುತ್ತದೆ.

ಯೂರೋಪಿಯನ್ ಒಕ್ಕೂಟವು 2006ರ ಜನವರಿ 1ರಿಂದ ಬೆಳವಣಿಗೆ ವರ್ಧಕಗಳಾಗಿ ಆ್ಯಂಟಿಬಯಾಟಿಕ್‌ಗಳ ಬಳಕೆಯನ್ನು ನಿಷೇಧಿಸಿದ ಮೇಲೆ, ಆವರೆಗೆ ಔಷಧಿಯ ಮರೆಯಲ್ಲಿದ್ದ ನಾರಿನ ಈ ಹಾನಿ ಮತ್ತೆ ಎದ್ದು ಕಾಣತೊಡಗಿತು. ಜರ್ಮನಿಯಲ್ಲಿ ಡೆನಿಕೆ, ಯೆರೋಹ್ ಮತ್ತು ಸಂಗಡಿಗರು 1990ರ ದಶಕದ ಕೊನೆಯಲ್ಲಿ ರೈ ಆಧಾರಿತ ಆಹಾರಕ್ಕೆ ಸೋಯಾ ಎಣ್ಣೆಯನ್ನೋ ದನದ ಕೊಬ್ಬನ್ನೋ ಬೆರೆಸಿ ಹೋಲಿಸಿದಾಗ ಹೆಚ್ಚು ಪೆಟ್ಟು ಬಿದ್ದದ್ದು ದನದ ಕೊಬ್ಬಿಗೆ. ಪಿತ್ತಲವಣ ಯಾವ ಕೊಬ್ಬಿಗೆ ಹೆಚ್ಚು ಬೇಕೋ ಆ ಕೊಬ್ಬೇ ಹೆಚ್ಚು ನಷ್ಟವಾಗುವುದು ಸಹಜ. ಎ, ಡಿ, ಇ, ಕೆ ಜೀವಸತ್ವಗಳೂ ಕೊಬ್ಬಿನ ಬೆನ್ನೇರಿಯೇ ಹೀರಲ್ಪಡುವುದರಿಂದ ನಷ್ಟ ಶಕ್ತಿಗೆ ಸೀಮಿತವಾಗಿ ಉಳಿಯುವುದಿಲ್ಲ: ರೈ ತಿಂದ ಮರಿಗಳಲ್ಲಿ ಡಿ ಜೀವಸತ್ವದ ಹೀರಿಕೆ ಕೆಟ್ಟು ಮೂಳೆಗಳು ಮೆದುವಾಗಿ ಕಾಲು ಬಾಗುವುದು 1970ರ ದಶಕದಿಂದಲೂ ದಾಖಲಾಗಿದೆ.

ಕರಗದ ನಾರು

ಓಟ್ಸ್‌ನ ಹೊಟ್ಟು, ಭತ್ತದ ಹೊಟ್ಟು, ಮರದ ಹೊಟ್ಟು ಮೊದಲಾದವುಗಳ ನಾರು ನೀರಿನಲ್ಲಿ ಕರಗದು, ಬ್ಯಾಕ್ಟೀರಿಯಾಗಳೂ ಅದನ್ನು ಸಣ್ಣಕರುಳಿನಲ್ಲಿ ಅಷ್ಟಾಗಿ ಒಡೆಯಲಾರವು. ದೀರ್ಘಕಾಲ ಇದನ್ನು ಆಹಾರದ ಶಕ್ತಿಯನ್ನು ದುರ್ಬಲಗೊಳಿಸುವ ನಿರರ್ಥಕ ಭರ್ತಿಯೆಂದೇ ಎಣಿಸಲಾಗಿತ್ತು. ನಾರ್ವೆಯ ಹೆಟ್ಲಾಂಡ್ ಮತ್ತು ಸ್ವೀಹುಸ್, ಸ್ಪೇನಿನ ಮ್ಯಾಡ್ರಿಡ್ಡಿನ ಮಾತೆಯೊಸ್ ಮತ್ತು ಹಿಮೆನೆಸ್ ಮೊರೇನೊ ಮುಂತಾದವರು ಕಳೆದ ಎರಡು ದಶಕಗಳಿಗೂ ಹೆಚ್ಚು ಕಾಲ ನಡೆಸಿದ ಸಂಶೋಧನೆಗಳಿಂದ ಈ ಎಣಿಕೆ ಬದಲಾಯಿತು.

ಇದರ ರಹಸ್ಯ ಇರುವುದು ಗಿಜರ್ಡಿನಲ್ಲಿ. ನುಣ್ಣಗೆ ಬೀಸಿ ಗುಳಿಗೆ ಕಟ್ಟಿದ ಆಹಾರ ತಿನ್ನುವ ಬ್ರಾಯ್ಲರ್ ಕೋಳಿಯ ಗಿಜರ್ಡಿಗೆ ಅರೆಯಲು ಏನೂ ಇರದೆ ಅದು ಸಣ್ಣದಾಗಿ, ಸಡಿಲವಾಗಿ, ಆಹಾರ ಹಾದುಹೋಗುವ ಬರೀ ದಾರಿಯಾಗಿಬಿಡುತ್ತದೆ. ಒರಟು ನಾರಿನ ತುಣುಕುಗಳು ಇದ್ದಾಗ ಅವು ಸಾಕಷ್ಟು ಸಣ್ಣದಾಗುವವರೆಗೂ ಗಿಜರ್ಡ್ ಬಿಟ್ಟುಕೊಡುವುದಿಲ್ಲ. ಪರಿಣಾಮವಾಗಿ ಅದರ ಸ್ನಾಯು ಬಲಿತು ತೂಕ ಹೆಚ್ಚುತ್ತದೆ, ಆಹಾರ ಅಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ, ಆಮ್ಲದ ಸ್ರವಿಕೆ ಹೆಚ್ಚಿ ಆಮ್ಲತೆ ಏರುತ್ತದೆ. ಕೊಬ್ಬಿನ ದೃಷ್ಟಿಯಿಂದ ಇವೆಲ್ಲಕ್ಕಿಂತ ಮಹತ್ವದ್ದು ಹಿಮ್ಮುಖ ಸಂಕುಚನ ಚುರುಕಾಗುವುದು. ಓಟ್ಸ್‌ನ ಹೊಟ್ಟನ್ನು ಬೆರೆಸಿದಾಗ ಗಿಜರ್ಡಿನೊಳಗೆ ಪಿತ್ತಾಮ್ಲದ ಪ್ರಮಾಣ ಏರುವುದನ್ನು ಹೆಟ್ಲಾಂಡ್, ಸ್ವೀಹುಸ್ ಮತ್ತು ಕ್ರೋಗ್ದಾಲ್ 2003ರಲ್ಲಿ ಅಳೆದು ತೋರಿಸಿದರು. ಅಂದರೆ ಪಿತ್ತವು ಮೇಲಕ್ಕೆ ಬಂದು, ಬಲವಾದ ಸ್ನಾಯುವಿನ ಅರೆತದ ನಡುವೆ ಕೊಬ್ಬಿನೊಡನೆ ಬೆರೆತು, ಹನಿಯೊಡೆಯುವ ಕೆಲಸ ಕರುಳನ್ನು ತಲುಪುವ ಮುನ್ನವೇ ಬಹುಪಾಲು ಮುಗಿದಿರುತ್ತದೆ. ಗಿಜರ್ಡಿನ ಚಟುವಟಿಕೆಯು ಮೇದೋಜೀರಕ ಗ್ರಂಥಿಯ ಸ್ರವಿಕೆಯನ್ನೂ ಪ್ರಚೋದಿಸುತ್ತದೆಂಬ ವಿವರಣೆಯೂ ಇದೆ. ಕೋಲಿಸಿಸ್ಟೊಕೈನಿನ್ ಎಂಬ ಹಾರ್ಮೋನು ಇದರ ಮಧ್ಯವರ್ತಿಯಾಗಿರಬಹುದು. ಮ್ಯಾಡ್ರಿಡ್ಡಿನ ಪ್ರಯೋಗಗಳಲ್ಲಿ ಎಳೆಯ ಬ್ರಾಯ್ಲರ್‌ಗಳ ಕಡಿಮೆ ನಾರಿನ ಆಹಾರಕ್ಕೆ ಶೇಕಡಾ 3ರಷ್ಟು ಓಟ್ಸ್‌ನ ಹೊಟ್ಟು ಬೆರೆಸಿದಾಗ ಕೊಬ್ಬೂ ಸೇರಿದಂತೆ ಪೋಷಕಾಂಶಗಳ ಬಳಕೆ ಸುಧಾರಿಸಿತು.

ಈ ಲಾಭಕ್ಕೆ ಎರಡು ಷರತ್ತುಗಳಿವೆ. ತುಣುಕುಗಳು ಸುಮಾರು ಒಂದು ಮಿಲಿಮೀಟರಿಗಿಂತ ದಪ್ಪವಿರಬೇಕು; ಪುಡಿಮಾಡಿದ ಸೆಲ್ಯುಲೋಸ್ ಅದೇ ರಾಸಾಯನಿಕ ವಸ್ತುವಾಗಿದ್ದರೂ ಗಿಜರ್ಡನ್ನು ಎಚ್ಚರಿಸದು. ಎರಡನೆಯದಾಗಿ ಪ್ರಮಾಣ ಮಿತವಾಗಿರಬೇಕು, ಏಕೆಂದರೆ ಶೇಕಡಾ ಐದನ್ನು ಮೀರಿ ಹೊಟ್ಟು ತುಂಬಿದರೆ ಜೀರ್ಣತೆಯಲ್ಲಿ ಗಳಿಸಿದ್ದನ್ನು ಶಕ್ತಿಯ ಸಾಂದ್ರತೆಯಲ್ಲಿ ಕಳೆದುಕೊಳ್ಳಬೇಕಾಗುತ್ತದೆ. ಬೀಟ್‌ರೂಟ್ ಜಾತಿಯ ಸಕ್ಕರೆಗೆಡ್ಡೆಯ ತಿರುಳಿನಂತಹ, ಪೆಕ್ಟಿನ್ ಹೆಚ್ಚಿರುವ ನಾರು ಒರಟಾಗಿದ್ದರೂ ನೀರು ಹೀರಿ ಉಬ್ಬಿಕೊಳ್ಳುವುದರಿಂದ ಓಟ್ಸ್‌ನ ಹೊಟ್ಟಿನಷ್ಟು ಉಪಕಾರ ಮಾಡುವುದಿಲ್ಲ.

ಕರಗದ ನಾರು ಕೊಬ್ಬಿಗೆ ಅಡ್ಡಿಯಾಗುವ ಸಂದರ್ಭವೂ ಒಂದಿದೆ. ಎಣ್ಣೆಬೀಜಗಳಲ್ಲಿ ಎಣ್ಣೆ ಇರುವುದು ಕೋಶದ ಗೋಡೆಯ ಒಳಗೆ. ಗೋಡೆ ಒಡೆಯದೆ ಹಾಗೆಯೇ ಉಳಿದರೆ ಲೈಪೇಸ್ ಒಳಗೆ ಪ್ರವೇಶಿಸಲಾರದು. ಇಡಿಯಾಗಿ ಬಳಸುವ ಸಾಸಿವೆ ಜಾತಿಯ ರೇಪ್ ಬೀಜ ಹಾಗೂ ಎಣ್ಣೆ ತೆಗೆಯದ ಸೋಯಾಗಳಲ್ಲಿ ಬೀಸುವಿಕೆ ಮತ್ತು ಬಿಸಿ ಗುಳಿಗೆ ಕಟ್ಟುವಿಕೆಗಳು ಕೊಬ್ಬಿನ ಜೀರ್ಣತೆಯನ್ನು ಗಮನಾರ್ಹವಾಗಿ ಏರಿಸಲು ಇದೇ ಕಾರಣ.

ಕಿಣ್ವಗಳ ಬಳಕೆ

ಅರಾಬಿನೊಕ್ಸೈಲಾನನ್ನು ಕತ್ತರಿಸುವ ಕ್ಸೈಲನೇಸ್ ಮತ್ತು ಬೀಟಾ ಗ್ಲೂಕಾನನ್ನು ಕತ್ತರಿಸುವ ಗ್ಲೂಕನೇಸ್ ಕಿಣ್ವಗಳನ್ನು ಶಿಲೀಂಧ್ರ ಮತ್ತು ಬ್ಯಾಕ್ಟೀರಿಯಾಗಳಿಂದ ಪಡೆದು ಆಹಾರಕ್ಕೆ ಬೆರೆಸುವ ಪದ್ಧತಿ 1980ರ ದಶಕದ ಉತ್ತರಾರ್ಧದಿಂದ ಯೂರೋಪಿನಲ್ಲಿ ಹರಡಿತು. ಈ ಕಿಣ್ವಗಳು ನಾರನ್ನು ಪೂರ್ತಿಯಾಗಿ ಸಕ್ಕರೆಗಳಾಗಿ ಕರಗಿಸಬೇಕಾಗಿಲ್ಲ. ಉದ್ದ ಸರಪಳಿಯನ್ನು ಕೆಲವೇ ಕಡೆ ತುಂಡರಿಸಿದರೂ ಅಣುಗಾತ್ರ ಕುಗ್ಗಿ ಮಂದತನ ಥಟ್ಟನೆ ಇಳಿಯುತ್ತದೆ. ಕೆನಡಾದ ಸಸ್ಕ್ಯಾಚೆವಾನ್ ವಿಶ್ವವಿದ್ಯಾಲಯದಲ್ಲಿ ಬೆಡ್‌ಫರ್ಡ್ ಮತ್ತು ಕ್ಲಾಸೆನ್ 1990ರ ದಶಕದ ಆರಂಭದಲ್ಲಿ, ರೈ ಮತ್ತು ಗೋಧಿ ಆಧಾರಿತ ಆಹಾರ ತಿಂದ ಬ್ರಾಯ್ಲರ್‌ಗಳಲ್ಲಿ ಕರುಳಿನ ದ್ರವದ ಮಂದತನ ಮತ್ತು ಹಕ್ಕಿಯ ಬೆಳವಣಿಗೆಗಳ ನಡುವೆ ನಿಕಟ ಸಂಬಂಧವಿರುವುದನ್ನು, ಕಿಣ್ವವು ಆ ಸಂಬಂಧದ ಮೂಲಕವೇ ಕೆಲಸ ಮಾಡುವುದನ್ನು ತೋರಿಸಿದರು. ಕಿಣ್ವದಿಂದ ಅತಿ ಹೆಚ್ಚು ಪ್ರಯೋಜನ ಸಿಗುವುದು ಎಳೆಯ ಮರಿಗಳಿಗೆ, ಅದರಲ್ಲೂ ಆಹಾರದಲ್ಲಿ ಸಂತೃಪ್ತ ಕೊಬ್ಬು ಇದ್ದಾಗ. ಮೆಕ್ಕೆಜೋಳದಂತಹ, ಮಂದತನವೇ ಇಲ್ಲದ ಆಹಾರದಲ್ಲಿ ಕ್ಸೈಲನೇಸಿನ ಲಾಭ ಚಿಕ್ಕದು. ಅಲ್ಲಿ ಅದು ಕೋಶದ ಗೋಡೆಯನ್ನು ಸಡಿಲಿಸುವುದರಿಂದಲೋ, ಬಿಡುಗಡೆಯಾದ ಚಿಕ್ಕ ಸರಪಳಿಗಳು ಅಂಧಾಂತ್ರದ ಉಪಕಾರಿ ಜೀವಿಗಳಿಗೆ ಆಹಾರವಾಗುವುದರಿಂದಲೋ ಬರುತ್ತದೆ.

ಜೀರ್ಣತೆಯನ್ನು ಅಳೆಯುವ ಕ್ರಮ

ಕೊಬ್ಬಿನ ಜೀರ್ಣತೆಯನ್ನು ಅಳೆಯಲು ಹೀರಲ್ಪಡದ ಗುರುತುವಸ್ತುವೊಂದನ್ನು, ಹೆಚ್ಚಾಗಿ ಟೈಟಾನಿಯಂ ಡೈಆಕ್ಸೈಡನ್ನು, ಆಹಾರದಲ್ಲಿ ಬೆರೆಸಿ ಇಲಿಯಮ್ಮಿನ ಕೊನೆಯಲ್ಲಿ ಸಿಗುವ ದ್ರವದಲ್ಲಿ ಅದಕ್ಕೂ ಕೊಬ್ಬಿಗೂ ಇರುವ ಅನುಪಾತವನ್ನು ನೋಡುತ್ತಾರೆ. ಹಿಕ್ಕೆಯನ್ನು ಮಾತ್ರ ಪರೀಕ್ಷಿಸಿದರೆ ಬ್ಯಾಕ್ಟೀರಿಯಾಗಳ ದೇಹದ ಕೊಬ್ಬೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಇನ್ನೊಂದು ಎಚ್ಚರಿಕೆಯೂ ಅಗತ್ಯ: ಸಂತೃಪ್ತ ಕೊಬ್ಬಿನಾಮ್ಲಗಳು ಕ್ಯಾಲ್ಸಿಯಂ ಜೊತೆ ಸೇರಿ ಸಾಬೂನಾಗುತ್ತವೆ, ಈ ಸಾಬೂನು ಈಥರಿನಲ್ಲಿ ಕರಗದು. ಮಾದರಿಯನ್ನು ಮೊದಲು ಆಮ್ಲದಿಂದ ಸಂಸ್ಕರಿಸದೆ ಈಥರಿನಿಂದ ಕೊಬ್ಬನ್ನು ತೆಗೆದರೆ ಹೀರಲ್ಪಡದ ಕೊಬ್ಬು ಕಣ್ಣಿಗೇ ಬೀಳದೆ ಜೀರ್ಣತೆ ಇದ್ದುದಕ್ಕಿಂತ ಹೆಚ್ಚೆಂದು ತೋರುತ್ತದೆ.

ಭಾರತದ ಕೋಳಿ ಆಹಾರದಲ್ಲಿ

ಭಾರತದ ಬ್ರಾಯ್ಲರ್ ಆಹಾರ ಮುಖ್ಯವಾಗಿ ಮೆಕ್ಕೆಜೋಳ ಮತ್ತು ಸೋಯಾ ಹಿಂಡಿಗಳನ್ನು ಆಧರಿಸಿದ್ದು, ಕರ್ನಾಟಕದಲ್ಲಿ ದಾವಣಗೆರೆ, ಹಾವೇರಿ, ಚಿತ್ರದುರ್ಗಗಳ ಸುತ್ತಿನ ಮೆಕ್ಕೆಜೋಳ ಈ ಉದ್ಯಮದ ಬೆನ್ನೆಲುಬಾಗಿದೆ. ಆದ್ದರಿಂದ ಯೂರೋಪು ಮತ್ತು ಕೆನಡಾಗಳನ್ನು ಕಾಡಿದ ಮಂದತನದ ಸಮಸ್ಯೆ ಇಲ್ಲಿ ಅಷ್ಟು ಉಗ್ರವಾಗಿಲ್ಲ. ಆದರೆ ಮೆಕ್ಕೆಜೋಳದ ಬೆಲೆ ಏರಿದಾಗ, ಅದು ಎಥನಾಲ್ ತಯಾರಿಕೆಗೂ ಹರಿಯತೊಡಗಿದಾಗ, ಆಹಾರ ತಯಾರಕರು ನುಚ್ಚಕ್ಕಿ, ಸಜ್ಜೆ, ಜೋಳ, ಅಕ್ಕಿ ತೌಡು, ಸೂರ್ಯಕಾಂತಿ ಹಿಂಡಿ, ಗೋರಿ ಬೀಜದ ಹಿಂಡಿ ಮತ್ತು ಎಥನಾಲ್ ಕಾರ್ಖಾನೆಯ ಒಣಗಿಸಿದ ಶೇಷಗಳತ್ತ ಹೊರಳುತ್ತಾರೆ. ಆಗ ನಾರಿನ ಪ್ರಶ್ನೆ ಹೊಸ ರೂಪದಲ್ಲಿ ಎದುರಾಗುತ್ತದೆ.

ಇವುಗಳಲ್ಲಿ ಗೋರಿ ಬೀಜದ ಹಿಂಡಿ ವಿಶೇಷ ಗಮನಕ್ಕೆ ಅರ್ಹವಾಗಿದೆ. ಜಗತ್ತಿನ ಗೋರಿಯ ಬಹುಪಾಲನ್ನು ಬೆಳೆಯುವ ಭಾರತದಲ್ಲಿ, ಮುಖ್ಯವಾಗಿ ರಾಜಸ್ಥಾನದಲ್ಲಿ, ಅಂಟು ತೆಗೆದ ಮೇಲೆ ಉಳಿಯುವ ಹಿಂಡಿ ಸಸಾರಜನಕಕ್ಕೆ ಅಗ್ಗದ ಮೂಲ. ಅಂಟು ಪೂರ್ತಿಯಾಗಿ ತೆಗೆಯಲ್ಪಟ್ಟಿರದಿದ್ದರೆ ಉಳಿದ ಗ್ಯಾಲಕ್ಟೊಮನ್ನಾನ್ ಕರುಳಿನ ದ್ರವವನ್ನು ಮಂದಗೊಳಿಸಿ, ನೂಜಿಯಿಯ ಪ್ರಯೋಗದಲ್ಲಿ ಗೋರಿ ಅಂಟಿನಿಂದ ಕಂಡ ಹಾನಿಯನ್ನು ಇಲ್ಲಿನ ಕೋಳಿಮನೆಯಲ್ಲಿಯೂ ಮಾಡಬಲ್ಲದು. ಗ್ಯಾಲಕ್ಟೊಮನ್ನಾನನ್ನು ಕತ್ತರಿಸುವ ಮನ್ನನೇಸ್ ಕಿಣ್ವವನ್ನು ಬೆರೆಸುವುದು ಇದಕ್ಕೆ ಪರಿಹಾರ. ಅಕ್ಕಿ ತೌಡಿನದು ಬೇರೆ ಕಥೆ. ಎಣ್ಣೆ ತೆಗೆಯದ ತೌಡಿನಲ್ಲಿ ಶೇಕಡಾ 12ರಿಂದ 20ರಷ್ಟು ಎಣ್ಣೆಯೂ ಗಣನೀಯ ಪ್ರಮಾಣದ ಕರಗದ ನಾರೂ ಒಟ್ಟಿಗೇ ಇರುತ್ತವೆ, ಜೊತೆಗೆ ಗಿರಣಿಯಿಂದ ಹೊರಬಿದ್ದ ಕೂಡಲೇ ತೌಡಿನದೇ ಲೈಪೇಸ್ ಆ ಎಣ್ಣೆಯನ್ನು ಕೊಬ್ಬಿನಾಮ್ಲಗಳಾಗಿ ಸೀಳಿ ಕಮಟು ಹಿಡಿಸುತ್ತದೆ. ಮೆಕ್ಕೆಜೋಳದಿಂದ ಎಥನಾಲ್ ತೆಗೆದ ಶೇಷದಲ್ಲಿ ಪಿಷ್ಟ ಹೋಗಿ ಉಳಿದದ್ದೆಲ್ಲ ಸಾಂದ್ರವಾಗುವುದರಿಂದ ನಾರು ಮತ್ತು ಎಣ್ಣೆ ಎರಡೂ ಮೂಲಧಾನ್ಯದ ಸುಮಾರು ಮೂರು ಪಟ್ಟಾಗುತ್ತವೆ.

ಭಾರತೀಯ ಮಾನಕ ಬ್ಯೂರೋದ ಕೋಳಿ ಆಹಾರದ ಮಾನಕವು ಬ್ರಾಯ್ಲರ್ ಆಹಾರದಲ್ಲಿ ಕಚ್ಚಾ ನಾರು ಶೇಕಡಾ 5ನ್ನು ಮೀರಬಾರದೆಂದು ವಿಧಿಸುತ್ತದೆ. ಕಲಬೆರಕೆಯನ್ನು ತಡೆಯಲು ಈ ಮಿತಿ ಉಪಯುಕ್ತವೇ ಆದರೂ ಅದರಿಂದ ಕೊಬ್ಬಿನ ಜೀರ್ಣತೆಯ ಬಗ್ಗೆ ಏನೂ ತಿಳಿಯುವುದಿಲ್ಲ: ಗೋರಿಯ ಉಳಿಕೆ ಅಂಟು ಈ ಅಳತೆಗೆ ಸಿಕ್ಕದೆ ಪಾರಾಗುತ್ತದೆ, ಉಪಕಾರಿಯಾಗಬಲ್ಲ ಒರಟು ಹೊಟ್ಟು ಪೂರ್ತಿಯಾಗಿ ಲೆಕ್ಕಕ್ಕೆ ಬರುತ್ತದೆ. ಕರಗುವ ಮತ್ತು ಕರಗದ ನಾರುಗಳನ್ನು ಬೇರೆ ಬೇರೆಯಾಗಿ ನಮೂದಿಸುವ ಪದ್ಧತಿ ಬರಬೇಕಾದ ಅಗತ್ಯ ಸ್ಪಷ್ಟವಾಗಿದೆ.

ಕರ್ನಾಟಕದ ಕೋಳಿಮನೆಗಳಲ್ಲಿ ನೆಲಕ್ಕೆ ಹಾಸುವುದು ಬಹುಮಟ್ಟಿಗೆ ಭತ್ತದ ಹೊಟ್ಟನ್ನು. ಕೋಳಿಗಳು ಹಾಸನ್ನು ಕೆದಕಿ ಕುಕ್ಕಿ ತಿನ್ನುತ್ತವೆ, ಅದರ ಒರಟು ತುಣುಕುಗಳು ಗಿಜರ್ಡಿನಲ್ಲಿ ಸಂಗ್ರಹವಾಗುತ್ತವೆ, ಆಹಾರದ ಸೂತ್ರದಲ್ಲಿ ಎಲ್ಲಿಯೂ ನಮೂದಾಗದ ಕರಗದ ನಾರು ಹೀಗೆ ಹಕ್ಕಿಗೆ ದೊರೆಯುತ್ತದೆ. ತಂತಿಯ ಪಂಜರದಲ್ಲಿಟ್ಟ ಮರಿಗಳ ಆಹಾರಕ್ಕೆ ಹೊಟ್ಟು ಬೆರೆಸಿದಾಗ ಕಾಣುವ ಸುಧಾರಣೆ ಹಾಸಿನ ಮೇಲೆ ಬೆಳೆಯುವ ಮರಿಗಳಲ್ಲಿ ಅಷ್ಟಾಗಿ ಕಾಣದಿರಲು ಇದು ಒಂದು ಕಾರಣವಾಗಿರುವುದರಿಂದ, ಪಂಜರದ ಪ್ರಯೋಗಗಳ ಅಂಕಿಗಳನ್ನು ಹಾಸಿನ ಕೋಳಿಮನೆಗೆ ಅನ್ವಯಿಸುವಾಗ ಹಕ್ಕಿ ಈಗಾಗಲೇ ತಿನ್ನುತ್ತಿರುವ ಹೊಟ್ಟನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.